ಏಟು ಸಿಗದವನ ಸಿನಿಮಾ

ಆ ಸಿನಿಮಾವನ್ನು ನಾನು ನೋಡಿದ್ದು ಮಾರಂಡಹಳ್ಳಿ ಪಕ್ಕದ ಸೋದರಮಾವನ ಮನೆಯಲ್ಲಿ, ತಲೆಗೆ ಅರಿಶಿನ ಮೆತ್ತಿಕೊಂಡ ನೆಂಟರ ನಡುವೆ ಕೂತು. ಅರ್ಧಕ್ಕೇ ನಿಂತುಹೋಯಿತು. ಉಳಿದರ್ಧವನ್ನು ಇನ್ನೂ ನೋಡಿಲ್ಲ.

ಅರಿಶಿನದ ವಿಷಯ ಮೊದಲು ಹೇಳಬೇಕು. ನಮ್ಮದು ಕುರಿ ಸಾಕುವ ಕುಲ. ಆಷಾಢದ ಹೊತ್ತಿಗೆ ಬರುವ ತಮಿಳರ ಆಡಿ ತಿಂಗಳ ಒಂದು ಬೆಳಿಗ್ಗೆ ಹರಕೆ ಹೊತ್ತವರು ಗುಡಿಯ ಮುಂದೆ ಸಾಲಾಗಿ ಕೂರುತ್ತಾರೆ. ಪೂಜಾರಿ ಸಾಲಿನುದ್ದಕ್ಕೂ ನಡೆದು ಒಬ್ಬೊಬ್ಬರ ನೆತ್ತಿಯ ಮೇಲೂ ತೆಂಗಿನಕಾಯಿ ಒಡೆಯುತ್ತಾನೆ. ಕಾಯಿ ಒಡೆದರೆ ದೇವರು ಒಪ್ಪಿದಂತೆ. ಒಡೆಯದಿದ್ದರೆ ಮತ್ತೆ ಹೊಡೆಯುತ್ತಾನೆ. ರಕ್ತ ಬಂದವರಿಗೆ ಅರಿಶಿನ, ಹೊಲಿಗೆ ಬೇಕಾದವರಿಗೆ ಆಂಬುಲೆನ್ಸ್. ಧರ್ಮಪುರಿಯಿಂದ ಹೊರಡುವ ತಮಿಳು ಪತ್ರಿಕೆಯೊಂದಕ್ಕೆ ನಾನು ಪ್ರತಿ ವರ್ಷ ಇದನ್ನು ವರದಿ ಮಾಡುತ್ತೇನೆ. ಫೋಟೊ ಒಂದು, ಕೆಳಗೆ ಒಂದು ಪ್ಯಾರಾ.

ಸಾಲಿನ ಮೊದಲ ಜಾಗ ನನ್ನ ತಾಯಿಯ ತವರಿನದು. ಅಲ್ಲಿ ಮೊದಲ ಕಾಯಿ ಒಡೆದ ಮೇಲೇ ಊರಿನ ಉಳಿದ ಕಾಯಿಗಳು. ತಾತ ಸತ್ತ ವರ್ಷದಿಂದ ದೊಡ್ಡಮಾವ ಅಲ್ಲಿ ಕೂರುತ್ತಿದ್ದ. ಈ ಸಲ ಬೇಸಿಗೆಯಲ್ಲಿ ಅವನು ಕಾರಿಮಂಗಲಂ ರಸ್ತೆಯಲ್ಲಿ ಬೈಕಿನಿಂದ ಬಿದ್ದ. ತಲೆಯೊಳಗೆ ರಕ್ತ ಹೆಪ್ಪುಗಟ್ಟಿ, ಸೇಲಂನಲ್ಲಿ ಬುರುಡೆ ತೆರೆದು ಆಪರೇಷನ್ ಮಾಡಿದರು. ಕಿವಿಯ ಮೇಲಿನ ಮೂಳೆ ಇನ್ನೂ ಕೂಡಿರಲಿಲ್ಲ. ಅಲ್ಲಿಗೆ ಇನ್ನೊಂದು ಏಟು ಬಿದ್ದರೆ ಮನುಷ್ಯ ಉಳಿಯುವುದಿಲ್ಲ ಎಂದು ಡಾಕ್ಟರು ಅತ್ತೆಗೆ ಹೇಳಿದ್ದರು. ಅತ್ತೆ ಅದನ್ನೇ ಪೂಜಾರಿಗೆ ಹೇಳಿ ಬಂದಿದ್ದಳು.

ಹರಕೆಯ ದಿನ ಬೆಳಿಗ್ಗೆ ಮಾವ ರುಮಾಲು ಬಿಚ್ಚಿ ತನ್ನ ಜಾಗದಲ್ಲಿ ಕೂತ. ಪೂಜಾರಿ ಅವನನ್ನು ದಾಟಿ ಹೋಗಿ, ಪಕ್ಕದಲ್ಲಿದ್ದ ಚಿಕ್ಕಮಾವನ ತಲೆಯ ಮೇಲೆ ಮೊದಲ ಕಾಯಿ ಒಡೆದ. ಚಿಕ್ಕಮಾವನ ಹಣೆ ಸೀಳಿ ರಕ್ತ ಅಂಗಿಗಿಳಿಯಿತು. ಜನ ಕೂಗಿದರು. ದೊಡ್ಡಮಾವ ಮಾತ್ರ ಸಾಲು ಮುಗಿಯುವವರೆಗೂ ಅಲ್ಲೇ ಕೂತಿದ್ದ.

ದಾರಿ ಇನ್ನೂ ಒಂದಿತ್ತು. ಹೊತ್ತು ಮುಳುಗುವುದರೊಳಗೆ ಮನೆಯವರು ಯಾರಾದರೂ ಗುಡಿಯ ಕಾಯಿಯನ್ನು ಅವನ ತಲೆಗೆ ಒಡೆದರೆ ಜಾಗ ಅವನಿಗೇ ಉಳಿಯುತ್ತದೆ. ಇಲ್ಲದಿದ್ದರೆ ತಮ್ಮನದು, ಆಮೇಲೆ ತಮ್ಮನ ಮಕ್ಕಳದು. ಮಾವ ಒಂದು ಕಾಯಿ ತಂದು ಜಗಲಿಯಲ್ಲಿಟ್ಟು ಎಲ್ಲರನ್ನೂ ಕೇಳಿದ. ಯಾರೂ ಒಪ್ಪಲಿಲ್ಲ. ನನ್ನನ್ನೂ ಕೇಳಿದ. ನಾನೂ ಆಗುವುದಿಲ್ಲ ಎಂದೆ.

ಊಟವಾದ ಮೇಲೆ, ಮನೆಯ ಬಿಗು ಸಡಿಲವಾಗಲಿ ಎಂದು ಅವನ ಮೊಮ್ಮಗಳು ತನ್ನ ಲ್ಯಾಪ್‌ಟಾಪನ್ನು ಟೀವಿಗೆ ಸಿಕ್ಕಿಸಿದಳು. ಸೇಲಂನಲ್ಲಿ ಓದುವ ಹುಡುಗಿ.

"ಹಳೇ ಪಡಂ ತಾತ, ದೊಡ್ಡ ಕ್ಲಾಸಿಕ್ಕು. ಕಥೆ ಎಲ್ಲೈತೆ ಅಂತ ಉಡುಕ್ಬೇಡ, ಸುಮ್ನೆ ನೋಡು."

ಕಪ್ಪುಬಿಳುಪು ಚಿತ್ರ, ಯಾವುದೋ ಯೂರೋಪಿನ ಊರು. ಅಲ್ಲಿ ಮರ್ಯಾದೆ ಎಂದರೆ ಕಪಾಳಕ್ಕೆ ಬಾರಿಸುವುದು. ಅಂಚೆಯವನು ಕಾಗದ ಕೊಟ್ಟು ಬಾರಿಸುತ್ತಾನೆ, ಮನೆಯಾಕೆ ನಮಸ್ಕರಿಸಿ ತಿರುಗಿ ಬಾರಿಸುತ್ತಾಳೆ. ಸತ್ತವನ ಮುಂದೆ ಜನ ಸಾಲುಗಟ್ಟಿ ಹೆಣದ ಕೆನ್ನೆಗೆ ಹೊಡೆಯುತ್ತಾರೆ. ಹೆಣ ಎದ್ದು ಒಬ್ಬನಿಗೆ ಮಾತ್ರ ತಿರುಗಿಸಿ ಕೊಟ್ಟು ಮತ್ತೆ ಮಲಗುತ್ತದೆ. ಯಾಕೆ, ಯಾರಿಗೆ, ಯಾವಾಗ ಎಂದು ಕೇಳಿಯೇ ಅನ್ನ ತಿನ್ನುವ ನನಗೆ ಮೊದಲು ಸಿಟ್ಟು ಬಂತು. ಹೆಣ ಎದ್ದ ಮೇಲೆ ನಗು ತಡೆಯಲಾಗಲಿಲ್ಲ. ಇಂಥದ್ದನ್ನು ನಾನು ಕಂಡಿರಲೇ ಇಲ್ಲ. ನೆಂಟರೆಲ್ಲ ನೋಯುವ ತಲೆ ಹಿಡಿದುಕೊಂಡು ನಗುತ್ತಿದ್ದರು. ದೊಡ್ಡಮಾವನೂ ನಕ್ಕ.

ಆಮೇಲೆ ಕಥಾನಾಯಕ ಬಂದ. ಯುದ್ಧದಿಂದ ಮರಳಿದ ಮುದುಕ. ಅವನಿಗೆ ಮಾತ್ರ ಯಾರೂ ಹೊಡೆಯುವುದಿಲ್ಲ. ಟೋಪಿ ತೆಗೆದು ಕೆನ್ನೆ ಒಡ್ಡಿದರೆ ಕೈಕುಲುಕಿ ಹೋಗುತ್ತಾರೆ. ಅವನು ಪೊಲೀಸಿನವನಿಗೆ ಕಲ್ಲು ಎಸೆಯುತ್ತಾನೆ. ಪೊಲೀಸಿನವನು ಬಂದು ಅವನ ಕೋಟಿನ ಧೂಳು ಕೊಡವುತ್ತಾನೆ.

ಚಿಕ್ಕಮಾವ ನೆಲಕ್ಕೆ ಕೈ ಬಡಿದು ನಕ್ಕ. "ಅಯ್ಯೋ, ಇವ್ನು ನಮ್ಮಣ್ಣ ಕಣ್ರೋ! ಯಾರಾದ್ರೂ ಒಂದು ಕೊಡ್ರಪ್ಪಾ, ಪಾವಂ!"

ಇಡೀ ಮನೆ ನಕ್ಕಿತು. ದೊಡ್ಡಮಾವ ಎದ್ದು ತಮ್ಮನ ಕೊರಳಪಟ್ಟಿ ಹಿಡಿದು ಎತ್ತಿ ಟೀವಿಯ ಮೇಲೆ ಎಸೆದ. ಗಾಜು ಸೀಳಿತು, ಟೀವಿ ಚಿಕ್ಕಮಾವನೊಂದಿಗೇ ನೆಲಕ್ಕೆ ಬಿತ್ತು. ಮಾವ ಅವನನ್ನು ಕಾಲು ಹಿಡಿದು ಅಂಗಳಕ್ಕೆ ಎಳೆದ. ಬಿಡಿಸಲು ಹೋದ ನನ್ನ ಬಾಯಿಗೆ ಮೊಣಕೈ ಬಿತ್ತು, ತುಟಿ ಹರಿಯಿತು. ಜಗಲಿಯ ಕಾಯಿಯನ್ನು ತಮ್ಮನ ಕೈಗೆ ತುರುಕಿ, ರುಮಾಲು ಕಿತ್ತೆಸೆದು, ಮಾವ ಅವನ ಮುಂದೆ ಚಕ್ಕಲಮಕ್ಕಲ ಹಾಕಿ ಕೂತ.

"ಒಡೀಲೇ."

"ಸತ್ತೋಯ್ತೀಯ ಅಣ್ಣ. ತಮಾಸೆಗಂದೆ. ಬಿಡು."

ಮಾವ ಕೂತಲ್ಲಿಂದಲೇ ಅವನ ಮೊಣಕಾಲಿಗೆ ಗುದ್ದಿದ. ಬಾಗಿದವನ ಕಪಾಳಕ್ಕೆ ಹೊಡೆದ, ಮತ್ತೆ ಹೊಡೆದ. ಬೆಳಗಿನ ಗಾಯ ಬಾಯಿ ಬಿಟ್ಟು ಅರಿಶಿನದೊಳಗಿಂದ ರಕ್ತ ಹರಿದು ಚಿಕ್ಕಮಾವನ ಕಣ್ಣು ಮುಚ್ಚಿತು. "ಜಾಗ ಕದ್ದ ನಾಯಿ, ಒಡಿ! ನಮ್ಮಪ್ಪನ ಮಗ ಆದ್ರೆ ಒಡಿ!"

ಚಿಕ್ಕಮಾವ ಬಾಯಿ ತೆರೆದು ಅರಚಿದ. ಕಾಯಿ ಎತ್ತಿದ. ಅದು ಕೆಳಗಿಳಿಯುವಷ್ಟರಲ್ಲಿ ಅತ್ತೆ ಹಿಂದಿನಿಂದ ಬಂದು ಗಂಡನ ನೆತ್ತಿಯ ಮೇಲೆ ಎರಡೂ ಕೈ ಇಟ್ಟಳು.

ಕಾಯಿ ಒಡೆಯಿತು. ನೀರು ಮಾವನ ಮುಖದ ಮೇಲೆ ಸುರಿಯಿತು. ಅತ್ತೆಯ ಬಲಗೈಯ ಬೆರಳು ಎರಡು ಹಿಂದಕ್ಕೆ ತಿರುಗಿದ್ದವು, ಚರ್ಮದೊಳಗಿಂದ ಮೂಳೆ ಬೆಳ್ಳಗೆ ಕಾಣುತ್ತಿತ್ತು. ಬಿಸಿಲು ಇನ್ನೂ ಅಂಗಳದಲ್ಲಿತ್ತು.

ಧರ್ಮಪುರಿಯ ಆಸ್ಪತ್ರೆಗೆ ನಾವೆಲ್ಲ ಒಂದೇ ವ್ಯಾನಿನಲ್ಲಿ ಹೋದೆವು. ಮಾವನ ತಲೆಯನ್ನು ಸ್ಕ್ಯಾನ್ ಮಾಡಿ ಏನೂ ಆಗಿಲ್ಲ ಎಂದರು. ಅತ್ತೆಯ ಕೈಗೆ ಕಂಬಿ ಹಾಕಿ ಪಟ್ಟಿ ಕಟ್ಟಿದರು. ಮಾರನೆಯ ದಿನ ಪೂಜಾರಿ ಬಂದ. ಮಾವ ಮಂಚದ ಪಕ್ಕದಿಂದ ಎದ್ದು ಮೊದಲು ಕೇಳಿದ್ದು ಅದನ್ನೇ.

"ಒತ್ತು ಮುಳುಗಿರ್ಲಿಲ್ಲ. ಕಾಯಿ ಒಡೀತು. ಜಾಗ ನಂದೇ ತಾನೆ?"

ಪೂಜಾರಿ ಬಾಯಿ ತೆರೆಯುವ ಮೊದಲೇ ಅತ್ತೆ ಮಲಗಿದ್ದಲ್ಲಿಂದ ಹೇಳಿದಳು. "ನಿನ್ ಮ್ಯಾಲೆ ಎಲ್ಲಿ ಒಡೀತು? ನನ್ ಮ್ಯಾಲೆ ಒಡೀತು. ಜಾಗ ನಂದು."

"ಎಂಗಸು ಮೊದ್ಲು ಕೂತ್ಕಂತಾಳಾ?" ಎಂದ ಚಿಕ್ಕಮಾವ. ಅವನ ಹಣೆಗೂ ಹೊಲಿಗೆ ಹಾಕಿದ್ದರು.

"ಸಾಲಲ್ಲಿ ಎಂಗಸ್ರು ಕೂತ್ಕಳಲ್ವಾ? ನೀನು ಮುಚ್ಚು. ಒಡ್ದೋನು ನೀನೇ, ನೀನೇ ಸಾಕ್ಷಿ."

ಪೂಜಾರಿ ಅವಳ ಪಟ್ಟಿಯನ್ನು ಬಗ್ಗಿ ನೋಡಿದ. ಕಾಯಿ ಯಾರ ಮೈಮೇಲೆ ಒಡೆಯಿತೋ ಅವರದೇ ಜಾಗ, ಅದರಲ್ಲಿ ಎರಡು ಮಾತಿಲ್ಲ ಎಂದ.

"ಅಂಗಾದ್ರೆ ನಾನು?" ಎಂದ ಮಾವ.

"ನಾನು ಸಾಯೋವರ್ಗೂ ನೀನು ಕೂತ್ಕಳಂಗಿಲ್ಲ," ಎಂದಳು ಅತ್ತೆ. "ಓಗಿ ಇಡ್ಲಿ ತಗೊಂಬಾ, ಅಸಿವಾಯ್ತೈತೆ."

ಮಾವ ರುಮಾಲು ಸುತ್ತಿಕೊಂಡು, ಚಟ್ನಿ ಯಾವುದು ಬೇಕು ಎಂದು ಕೇಳಿದ.