ಉಸಿರು ಹಿಡಿದು ದಾಟುವ ಸೇತುವೆ

ಲಿಮಾ ಪಟ್ಟಣದ ಬಗ್ಗೆ ಏನು ಬೇಕಾದರೂ ನನ್ನನ್ನು ಕೇಳಿ. ದೊಡ್ಡ ಚೌಕದ ಸುತ್ತಲಿನ ಮರದ ಬಾಲ್ಕನಿಗಳನ್ನು ಎಲ್ಲಿ ನಿಂತು ನೋಡಬೇಕು, ಊರ ನಡುವೆಯೇ ಗುಡ್ಡದಂತೆ ಎದ್ದಿರುವ ಮಣ್ಣಿಟ್ಟಿಗೆಯ ಪುರಾತನ ದೇಗುಲಕ್ಕೆ ಯಾವ ಹೊತ್ತಿನಲ್ಲಿ ಹೋಗಬೇಕು, ಕಡಲಂಚಿನ ಬಂಡೆಯ ಮೇಲಿನ ಪಾರ್ಕಿನಲ್ಲಿ ಯಾವ ಬೆಂಚು ಹಿಡಿದರೆ ಸೂರ್ಯ ಮುಳುಗುವುದು ಚೆನ್ನಾಗಿ ಕಾಣುತ್ತದೆ, ಎಲ್ಲವನ್ನೂ ಹೇಳಬಲ್ಲೆ. ಒಂದೇ ಕೊರತೆಯೆಂದರೆ, ಇದನ್ನೆಲ್ಲ ಊರವರಿಗೆ ಹೇಳುತ್ತ ತಿರುಗಿದ ಕಾಲದಲ್ಲಿ ನಾನು ಲಿಮಾಕ್ಕೆ ಕಾಲಿಟ್ಟೇ ಇರಲಿಲ್ಲ. ಪೆರು ದೇಶದ ಆ ರಾಜಧಾನಿಯನ್ನು ನಾನು ಸುತ್ತಿದ್ದು ಅಮೆರಿಕದ ಟೊರೆನ್ಸ್ ಊರಿನ ನಮ್ಮ ಬಾಡಿಗೆ ಮನೆಯಲ್ಲಿ, ಅಡುಗೆಮನೆಯ ಕುರ್ಚಿಯ ಮೇಲೆ ಕೂತು.

ಇದಕ್ಕೆಲ್ಲ ಮೂಲ ಒಂದು ಕ್ಯಾಲೆಂಡರು. ನಾವು ಲಾಸ್ ಏಂಜಲಿಸ್ ಕಡೆಗೆ ಬಂದ ಹೊಸತು, 2001ನೇ ಇಸವಿ. ಮನೆಯ ಹತ್ತಿರ ಪೆರು ದೇಶದವರ ಪುಟ್ಟ ಹೋಟೆಲೊಂದಿತ್ತು. ಅಲ್ಲಿ ಅನ್ನದ ಜೊತೆ ಕೊಡುತ್ತಿದ್ದ ಹಸಿರು ಖಾರದ ಚಟ್ನಿಗೆ ನನ್ನ ಹೆಂಡತಿ ಗಿರಿಜಾ ಮನಸೋತಳು. ಅವಳು ಗದಗಿನವಳು, ಕಣ್ಣಲ್ಲಿ ನೀರು ಬಾರದ ಊಟವನ್ನು ಊಟವೆಂದು ಒಪ್ಪುವವಳಲ್ಲ. ಅವಳು ಮೂರನೇ ಸಲ ಚಟ್ನಿ ಕೇಳಿದ್ದನ್ನು ಕಂಡು ಹಿಗ್ಗಿದ ಹೋಟೆಲಿನ ಯಜಮಾನಿ, ಮುಂದಿನ ವರ್ಷದ ಕ್ಯಾಲೆಂಡರನ್ನು ಸುರುಳಿ ಸುತ್ತಿ ಕೈಗಿಟ್ಟಳು. ತಿಂಗಳಿಗೊಂದರಂತೆ ಹನ್ನೆರಡು ಲಿಮಾ ಚಿತ್ರಗಳು. ಡಿಸೆಂಬರಿನ ಪುಟದಲ್ಲಿ ಹಸಿರು ಇಳಿಜಾರಿನ ಮೇಲೊಂದು ಚಿಕ್ಕ ಮರದ ಸೇತುವೆ. ಅದರ ಹೆಸರು ನಿಟ್ಟುಸಿರುಗಳ ಸೇತುವೆಯಂತೆ. ಮೊದಲ ಸಲ ದಾಟುವವರು ಈ ತುದಿಯಿಂದ ಆ ತುದಿಯವರೆಗೆ ಉಸಿರು ಬಿಡದೆ ನಡೆದರೆ, ಬೇಡಿಕೊಂಡದ್ದು ಆಗುತ್ತದೆಂದು ಅಲ್ಲಿಯವರ ನಂಬಿಕೆ. ಯಜಮಾನಿ ಇದನ್ನು ಹೇಳುವಾಗ ಗಿರಿಜಾ ಊಟ ಬಿಟ್ಟು ಕೇಳುತ್ತಿದ್ದಳು.

ಆ ವರ್ಷ ಮುಗಿಯಿತು, ಕ್ಯಾಲೆಂಡರು ಮಾತ್ರ ಗೋಡೆಯಿಂದ ಇಳಿಯಲಿಲ್ಲ. ಸೇತುವೆ ಕಾಣಬೇಕೆಂದು ಗಿರಿಜಾ ಅದನ್ನು ಅಲ್ಲೇ ಬಿಟ್ಟಳು. ಪಕ್ಕದಲ್ಲಿ ಗದಗಿನಿಂದ ತರಿಸಿದ ಪಂಚಾಂಗದಲ್ಲಿ ಯುಗಾದಿಗಳು ಬಂದು ಹೋದವು, ನಮ್ಮ ಗೋಡೆಯ ಅರ್ಧದಲ್ಲಿ ವರ್ಷಗಟ್ಟಲೆ ಡಿಸೆಂಬರ್ ನಡೆಯಿತು.

ಹೋಗಬಾರದಿತ್ತೇ ಎಂದು ನೀವು ಕೇಳುವುದು ಸಹಜ. ಗ್ರೀನ್ ಕಾರ್ಡಿಗೆ ಅಪ್ಲೈ ಮಾಡಿ ಕಾದವರು ಹಾಗೆ ಕೇಳುವುದಿಲ್ಲ. ಕಾಗದ ಪತ್ರ ಮುಗಿಯುವವರೆಗೆ ದೇಶ ಬಿಟ್ಟು ಹೋಗದಿದ್ದರೆ ಒಳ್ಳೆಯದು ಎಂದು ಲಾಯರ್ ಹೇಳಿದ್ದ. ದೇಶ ಸುತ್ತು, ಇಲ್ಲ ಕೋಶ ಓದು ಎಂದು ನಮ್ಮ ಹಿರಿಯರು ಹೇಳಿಲ್ಲವೇ? ಸುತ್ತಲಾಗದ ನಾನು ಲೈಬ್ರರಿಯಿಂದ ಪ್ರವಾಸದ ಪುಸ್ತಕಗಳನ್ನು ತಂದು ಓದತೊಡಗಿದೆ. ಓದಿದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಗುಣ ನನ್ನದಲ್ಲ. ಗಿರಿಜಾ ರೊಟ್ಟಿ ತಟ್ಟುವಾಗ ನಾನು ಲಿಮಾ ಹೇಳುತ್ತಿದ್ದೆ. ಮೆಣಸಿನಕಾಯಿ, ಆಲೂಗಡ್ಡೆ, ಟೊಮೆಟೊ, ಶೇಂಗಾ, ಇವೆಲ್ಲ ಶತಮಾನಗಳ ಹಿಂದೆ ಆ ಸೀಮೆಯಿಂದ ಹಡಗು ಹತ್ತಿ ಬಂದವು, ಬ್ಯಾಡಗಿ ಮೆಣಸಿನಕಾಯಿಯ ಮುತ್ತಜ್ಜಿ ಅಲ್ಲಿಯವಳೇ ಎಂದು ಒಂದು ದಿನ ವಿವರಿಸಿದೆ. ಅವಳು ಶೇಂಗಾ ಚಟ್ನಿ ಬಡಿಸುತ್ತ, ಹಂಗಾದರೆ ಅದು ನಮ್ಮ ಬೀಗರ ಊರಾಯಿತು, ಬೀಗರ ಊರಿಗೆ ಒಮ್ಮೆಯಾದರೂ ಹೋಗಬೇಕಲ್ಲ ಎಂದಳು. ನಾನು ಉತ್ತರವಾಗಿ ಆಲೂಗಡ್ಡೆಯ ಇತಿಹಾಸಕ್ಕೆ ಹೊರಳಿದೆ.

ಜೂನ್ ತಿಂಗಳು ಬಂತೆಂದರೆ ನಮ್ಮ ಕಡಲ ದಂಡೆಯ ಮೇಲೆ ಬೂದು ಮೋಡ ಕವಿದು ಮಧ್ಯಾಹ್ನದವರೆಗೂ ಕದಲುವುದಿಲ್ಲ. ಅದೇ ತಿಂಗಳುಗಳಲ್ಲಿ ಲಿಮಾಕ್ಕೂ ಚಳಿಗಾಲದ ಮಂಜು ಮುಸುಕುತ್ತದೆ, ಮಳೆಯಲ್ಲದ ಮಳೆಯೊಂದು ಕೆನ್ನೆ ಒದ್ದೆ ಮಾಡಿ ಹೋಗುತ್ತದೆ ಎಂದು ಓದಿದ್ದೆ. ಭಾನುವಾರ ಬೆಳಿಗ್ಗೆ ಟೊರೆನ್ಸಿನ ಮರಳಿನಲ್ಲಿ ನಾವಿಬ್ಬರೂ ದಕ್ಷಿಣಕ್ಕೆ ಮುಖ ಮಾಡಿ ಕೂರುತ್ತಿದ್ದೆವು. ಬೂದು ಬಣ್ಣದಲ್ಲಿ ನೀರು ಎಲ್ಲಿ ಮುಗಿದು ಆಕಾಶ ಎಲ್ಲಿ ಹತ್ತುತ್ತದೋ ತಿಳಿಯುತ್ತಿರಲಿಲ್ಲ. ಇದೇ ಸಮುದ್ರ ಹೀಗೇ ಇಳಿಯುತ್ತ ಹೋದರೆ ಲಿಮಾದ ಬಂಡೆಗಳಿಗೆ ಬಡಿಯುತ್ತದೆ ಎಂದು ಹೇಳಿದಾಗ ಗಿರಿಜಾ ಎದ್ದು ಹೋಗಿ ಪಾದ ಮುಳುಗಿಸಿ ನಿಂತಳು. ಆ ಬೆಳಗುಗಳಲ್ಲಿ ನನಗೆ ನಿಜವಾಗಿಯೂ ಸುಖವಾಗಿತ್ತು. ಪಾರ್ಕಿಂಗಿಗೆ ಮರಳಿ ಕಾರಿನ ಬಾಗಿಲು ತೆಗೆಯುವವರೆಗೆ ನಾವು ಲಿಮಾದಲ್ಲೇ ಇರುತ್ತಿದ್ದೆವು.

ಹೀಗಿರುವಾಗ ನನ್ನ ಕೀರ್ತಿ ಬೆಳೆಯಿತು. ಹತ್ತಿರದ ಕ್ಯಾಲಬಾಸಸ್ ಊರಿನ ದೇವಸ್ಥಾನದಲ್ಲಿ ಪುಳಿಯೋಗರೆ ತಟ್ಟೆ ಹಿಡಿದು ನಿಂತಾಗಲೂ ನಾನು ಲಿಮಾ ಬಿಡುತ್ತಿರಲಿಲ್ಲ. ನಾನು ಹೋಗಿ ಬಂದವನೆಂದು ಜನ ತಿಳಿದರು. ಹೋಗಿಲ್ಲವೆಂದು ಯಾರೂ ಕೇಳದೆ ನಾನೇ ಹೇಳುವುದು ಜಂಬವಾಗುತ್ತಿತ್ತು!

ಆಗ ನಸೀಮಾ ಫೋನ್ ಮಾಡಿದಳು. ಅವಳು ಮೈಸೂರಿನ ಹುಡುಗಿ, ರಾಜ್ಯೋತ್ಸವದ ಪಿಕ್‌ನಿಕ್‌ನಲ್ಲಿ ಪರಿಚಯವಾದವಳು, ಸ್ಯಾನ್ ಡಿಯೇಗೋ ಪಕ್ಕದ ಲಾ ಹೋಯಾದಲ್ಲಿ ಕಡಲಿನ ತಣ್ಣನೆಯ ಪ್ರವಾಹಗಳ ಬಗ್ಗೆ ಸಂಶೋಧನೆ ಮಾಡುತ್ತಿದ್ದಳು. ಕೆಲಸದ ಮೇಲೆ ಲಿಮಾಕ್ಕೆ ಹೊರಟಿದ್ದಳು. ನಾನು ಫೋನಿನಲ್ಲೇ ಅವಳನ್ನು ಊರೆಲ್ಲ ನಡೆಸಿದೆ. ಅವಳು ಮರಳಿದ ಮೇಲೆ ಗಿರಿಜಾ, ನಾನು ಡ್ರೈವ್ ಮಾಡಿಕೊಂಡು ಲಾ ಹೋಯಾಗೆ ಹೋದೆವು. ಪರೀಕ್ಷೆಯ ಫಲಿತಾಂಶಕ್ಕೆ ಕಾದವನ ಹಾಗೆ ನಾನು ನಸೀಮಾಳ ಮುಖವನ್ನೇ ನೋಡುತ್ತಿದ್ದೆ.

"ಅಂಕಲ್, ನೀವು ಹೇಳಿದ್ದೆಲ್ಲ ಹಾಗ್ಹಾಗೇ ಇತ್ತು," ಎಂದಳು ನಸೀಮಾ, ಟೀ ಕೊಡುತ್ತ. "ಆದ್ರೆ ಊರಿನ ವಾಸನೆ ಬಗ್ಗೆ ಏನೂ ಹೇಳಿರ್ಲಿಲ್ಲ ನೀವು. ನನಗೆ ಈಗ್ಲೂ ನೆನಪಿರೋದು ಅದೊಂದೇ."

ನಾನು ಓದಿದ ಯಾವ ಪುಸ್ತಕದಲ್ಲೂ ವಾಸನೆ ಇರಲಿಲ್ಲ. ಮರಳುವಾಗ ದಾರಿಯುದ್ದಕ್ಕೂ ಗಿರಿಜಾ ಕಿಟಕಿಯ ಕಡೆ ನೋಡುತ್ತಿದ್ದಳು. ನಸೀಮಾ ಸೇತುವೆ ದಾಟಿ ಬಂದಿದ್ದಳು, ಇವಳು ದಾಟಿರಲಿಲ್ಲ. ಅರ್ಧ ದಾರಿಯಲ್ಲಿ ಹೇಳಿದಳು: "ನೀವು ಹೇಳೂ ಲಿಮಾ ನನಗ ಸಾಕಾಗೇತ್ರಿ. ಇನ್ನ ನಾ ಅದನ್ನ ಕಣ್ಣಿಲೆ ನೋಡ್ಬೇಕು. ಮೂಗಿಲೆ ಸುದ್ದಾ."

2007ರಲ್ಲಿ ಗ್ರೀನ್ ಕಾರ್ಡ್ ಬಂತು. ಈಗ ತಡೆಯುವವರು ಯಾರೂ ಇಲ್ಲ ಎಂದುಕೊಂಡಿರಾ? ನಾನಿದ್ದೆನಲ್ಲ. ಆಫೀಸಿನಲ್ಲಿ ಕೆಲಸ ಎಂದೆ, ಟಿಕೆಟ್ ದುಬಾರಿ ಎಂದೆ. ಒಳಗಿನ ಮಾತು ಬೇರೆಯಿತ್ತು. ಅಷ್ಟು ವರ್ಷ ಕಟ್ಟಿದ ನನ್ನ ಲಿಮಾವನ್ನು ನಿಜವಾದ ಲಿಮಾ ಒಂದೇ ದಿನದಲ್ಲಿ ಕೆಡವಿಬಿಟ್ಟರೆ ಎಂದು ನನಗೆ ಭಯವಾಗುತ್ತಿತ್ತು. ಒಂದು ಬೆಳಿಗ್ಗೆ ಕಾಫಿಗೆ ಬಂದರೆ ಗೋಡೆಯ ಮೇಲೆ ಸೇತುವೆ ಇರಲಿಲ್ಲ. ಅವಳು ಕ್ಯಾಲೆಂಡರನ್ನು ಇಳಿಸಿ, ಮಡಿಚಿ, ಹಳೇ ಪೇಪರಿನ ರಾಶಿಗೆ ಹಾಕಿದ್ದಳು. ಆ ಖಾಲಿ ಜಾಗ ನೋಡುತ್ತಲೇ ಕಾಫಿ ಮುಗಿಸಿದೆ. ಅದೇ ದಿನ ಟಿಕೆಟ್ ಬುಕ್ ಮಾಡಿದೆ.

ಮುಂದಿನ ಜೂನಿನಲ್ಲಿ ಹೋದೆವು. ಬಾಲ್ಕನಿಗಳು ಇದ್ದಲ್ಲೇ ಇದ್ದವು, ಮಂಜು ನಾನು ಹೇಳಿದ ಹೊತ್ತಿಗೇ ಬಂದು ಕಾದಿತ್ತು. ಸೇತುವೆಯ ಬುಡದಲ್ಲಿ ಗಿರಿಜಾ ಸೆರಗು ಸರಿಮಾಡಿಕೊಂಡು, ದೇವರ ಮುಂದೆ ನಿಂತವಳಂತೆ ಕಣ್ಣು ಮುಚ್ಚಿ, ಉಸಿರೆಳೆದು ಹೊರಟಳು. ನಾನೂ ಉಸಿರು ಹಿಡಿದು ಹೊರಟೆ. ನಡುವೆ ಕೆಳಗೆ ಕಡಲಿಗಿಳಿಯುವ ಓಣಿ ಕಂಡಿತು. ಹಿಂದೆ ಈ ದಾರಿಯಲ್ಲೇ ಬೆಸ್ತರು ಹೋಗುತ್ತಿದ್ದರು ಎಂದು ಹೇಳಿಯೇಬಿಟ್ಟೆ. ಗಿರಿಜಾ ತಿರುಗಿ ನೋಡಲಿಲ್ಲ. ಆ ತುದಿಗೆ ಹೋಗಿ ನಿಂತು ಉಸಿರು ಬಿಟ್ಟಳು. ಮೊದಲ ಸಲದ ದಾಟು ಒಬ್ಬರಿಗೆ ಒಂದೇ. ನನ್ನದು ಬೆಸ್ತರ ಪಾಲಾಯಿತು.

ಕಲ್ಲುಕಟ್ಟೆಯ ಮೇಲೆ ಕೂತ ಮೇಲೆ, ಏನು ಬೇಡಿಕೊಂಡೆ ಎಂದು ಕೇಳಿದೆ. ಮಕ್ಕಳ ವಿಷಯವೋ, ಸ್ವಂತ ಮನೆಯ ವಿಷಯವೋ ಇರಬೇಕೆಂದುಕೊಂಡಿದ್ದೆ.

"ಒಂದ್ ಘಳಿಗಿ ನೀವು ಬಾಯಿ ಮುಚ್ಚಿ ಕುಂದ್ರೂ ಹಂಗ ಆಗ್ಲಿ ಅಂತ," ಎಂದಳು.

ಕೂತೆ. ಕೆನ್ನೆ ಒದ್ದೆಯಾಯಿತು. ಗಿರಿಜಾಳ ಭುಜ ನನ್ನ ಭುಜಕ್ಕೆ ತಾಗಿತ್ತು. ಸ್ವಲ್ಪ ಹೊತ್ತಿಗೆ ಓಣಿಯ ಕೆಳಗಿನಿಂದ ಆ ಊರಿನ ವಾಸನೆ ನಿಧಾನವಾಗಿ ಏರಿ ಬಂತು. ಅದು ಹೇಗಿತ್ತೆಂದು ನಿಮಗೆ ಬಣ್ಣಿಸಲು ನಾಲಿಗೆ ತುರಿಸುತ್ತಿದೆ. ಆದರೆ ಗಿರಿಜಾ ಅಷ್ಟು ದೂರ ಹೋಗಿ ಉಸಿರು ಕಟ್ಟಿ ಪಡೆದ ವರ, ನಾನು ಸುಮ್ಮನಿರುತ್ತೇನೆ.