ಗಡಿಯಾರದಣ್ಣನ ಹೊಸ ವರ್ಷದ ಗುರಿ

ಗಡಿಯಾರ ರಿಪೇರಿ ಮಾಡುವ ಅಣ್ಣ ಪ್ರತಿ ಹೊಸ ವರ್ಷದ ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆದವನೇ ತನ್ನ ಬ್ಲಾಗಿಗೆ ಗುರಿ ಗೊತ್ತುಮಾಡುತ್ತಾನೆ. ಹಳೆಯ ಗಡಿಯಾರಗಳ ಬಗ್ಗೆ ವಾರಕ್ಕೆರಡು ಬರಹ, ದಿನಕ್ಕೆ ನೂರು ಓದುಗರು ಎಂದು ಹಾಳೆಯಲ್ಲಿ ಬರೆದಿಟ್ಟು, ಆಮೇಲೆ ಹೊಲಿಗೆ ಕೆಲಸದ ತಂಗಿಯ ಬ್ಲಾಗನ್ನು ಇಣುಕಿ ನೋಡುತ್ತಾನೆ. ಅಲ್ಲಿ ಮುನ್ನೂರು ಕಂಡರೆ ಹೊಟ್ಟೆಗೆ ಕಿಚ್ಚು ಬಿದ್ದು, ತನ್ನ ನೂರನ್ನು ಹೊಡೆದುಹಾಕಿ ಮುನ್ನೂರ ಒಂದು ಎಂದು ತಿದ್ದುತ್ತಾನೆ. ಅವಳು ವಾರಕ್ಕೆ ಮೂರು ಬರೆದರೆ ಇವನದು ನಾಲ್ಕು. ಫೆಬ್ರವರಿ ಹೊತ್ತಿಗೆ ಇವನ ಬರಹ ಒಂದೂ ಇಲ್ಲ. “ಸೂಜಿಗೆ ದಾರ ಪೋಣಿಸೋದನ್ನ ಬರೆದ್ರೂ ಓದ್ತಾರಲ್ಲ, ಜನಕ್ಕೆ ಬೇರೆ ಕೆಲಸ ಇಲ್ವಾ?” ಎಂದು ಹೆಂಡತಿಯ ಮುಂದೆ ಗೊಣಗುತ್ತಾನೆ. “ಎಲ್ಲರಿಗಿಂತ ಮೊದಲು ಓದೋರು ನೀವೇ ಅಲ್ವಾ?” ಎಂದು ಅವಳು ನಕ್ಕರೆ, “ಎದುರಾಳಿ ಮೇಲೆ ಕಣ್ಣಿಟ್ಟಿರಬೇಕು ಕಣೇ” ಎನ್ನುತ್ತಾನೆ. ಈ ವರ್ಷ ತಂಗಿ ಬರೆದದ್ದು ತೀರಿಕೊಂಡ ಅಪ್ಪನ ಅಂಗಿಯ ಬಗ್ಗೆ. ಸವೆದ ಕಾಲರನ್ನು ಬಿಚ್ಚಿ, ತಿರುವಿ ಹೊಲಿದುಕೊಟ್ಟಾಗ ಅಪ್ಪ ಕನ್ನಡಿಯ ಮುಂದೆ ನಿಂತು ಹಿಗ್ಗಿದ್ದರಂತೆ. ಓದುತ್ತ ಅಣ್ಣನಿಗೆ ಮೈಯೆಲ್ಲ ಉರಿಯಿತು. ಅದೇ ಅಂಗಿಯನ್ನು ಆಸ್ಪತ್ರೆಯಲ್ಲಿ ಅಪ್ಪನಿಗೆ ಕೊನೆಯ ಸಲ ತೊಡಿಸಿದವನು ಅವನು. ಆ ಮಾತನ್ನು ಈವರೆಗೆ ಯಾರಿಗೂ ಹೇಳಿರಲಿಲ್ಲ. ಅವಳಿಗೆ ಎಷ್ಟು ಓದುಗರು ಎಂದು ನೋಡುವುದನ್ನೂ ಮರೆತು, ಗುರಿಗಳ ಹಾಳೆಯನ್ನು ಮಗುಚಿ ಹಾಕಿ, “ಅಪ್ಪನ ಅಂಗಿಗೆ ಐದು ಗುಂಡಿಗಳಿದ್ದವು” ಎಂದು ಬರೆಯತೊಡಗಿದ.