ಏಡಿ ಬಂದಾವೇನು?

ಮನೆಯ ಗ್ಯಾಲರಿಯ ಮೂಲೆಯಲ್ಲಿದ್ದ ಪ್ಲಾಸ್ಟಿಕ್ ಚೀಲದ ಗಂಟು ಬಿಚ್ಚಿದೆ. ಕೊಳೆತ ಮೊಟ್ಟೆಯಂಥ ವಾಸನೆ ಮುಖಕ್ಕೆ ಬಡಿಯಿತು. ಒಳಗೆ ನಮ್ಮವರ ರಬ್ಬರ್ ಬೂಟು. ಅವರು ತೀರಿಹೋಗಿ ವರ್ಷವಾಗುತ್ತ ಬಂತು, ಅದಕ್ಕೆ ಮೆತ್ತಿದ ಕೆಸರು ಇನ್ನೂ ಪೂರ್ತಿ ಒಣಗಿಲ್ಲ.

ಈ ವಾಸನೆ ನಿಮಗೆ ಗೊತ್ತಿರಲಿಕ್ಕಿಲ್ಲ. ನಮ್ಮ ಪುಣೆಯಲ್ಲಿ ಸಮುದ್ರವೆಲ್ಲಿದೆ? ಕೊಂಕಣದ ಖಾಡಿಗಳಲ್ಲಿ, ಉಪ್ಪುನೀರು ಏರಿ ಇಳಿಯುವ ಕೆಸರಿನಲ್ಲಿ, ಕಾಂಡ್ಲಾ ಗಿಡ, ಅಂದರೆ ಮ್ಯಾಂಗ್ರೋವ್, ಬೆಳೆಯುತ್ತವೆ. ಕಡಿದುಹಾಕಿದಲ್ಲಿ ಮತ್ತೆ ನೆಟ್ಟಿದ್ದು ಕಾಡಾಯಿತೋ ಇಲ್ಲವೋ ನೋಡಿ ಹೇಳುವುದು ಇವರ ಕೆಲಸ. ಸ್ವಾರಗೇಟಿನಿಂದ ಬೆಳಗಿನ ಬಸ್ಸು ಹಿಡಿಯುತ್ತಿದ್ದರು. ನೆರೆಯವರು ಕೇಳಿದರೆ, ಇವರು ಗಿಡದ ಡಾಕ್ಟರು ಎನ್ನುತ್ತಿದ್ದೆ. ಏಡಿ ನೋಡಲು ಹೋಗುತ್ತಾರೆ ಎನ್ನಲು ನಾಚಿಕೆ.

ಒಮ್ಮೆ ನನ್ನನ್ನೂ ಕರೆದುಕೊಂಡು ಹೋದರು. ಪಿಕ್‌ನಿಕ್ ಎಂದುಕೊಂಡು ನಾನು ಒಳ್ಳೆಯ ಸೀರೆ ಉಟ್ಟು, ಚಪಾತಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೊರಟೆ. ಮೊದಲ ಜಾಗದಲ್ಲಿ ಸಸಿಗಳು ಸೊಂಟದೆತ್ತರ, ಸಾಲಾಗಿ, ಹಸಿರಾಗಿ ನಿಂತಿದ್ದವು. ಇವರು ಅತ್ತ ನೋಡದೆ, ಬಿದ್ದ ಉಂಗುರ ಹುಡುಕುವವರಂತೆ ಕೆಸರಿನ ಮೇಲೆ ಬಗ್ಗಿ ಸುತ್ತುತ್ತಿದ್ದರು.

"ಗಿಡ ಇಷ್ಟು ಛಲೋ ಬಂದಾವ, ನೆಲಾ ಏನ್ ನೋಡ್ತೀರಿ?" ಎಂದೆ.

"ಗಿಡ ನಾವು ಹಚ್ಚಿದ್ದು, ನಿಂತಾವ. ಏಡಿನ್ನ ಯಾರೂ ತಂದು ಬಿಡೂದಿಲ್ಲ. ಅವು ತಾವಾಗಿ ಬಂದ್ರ ಇದು ಕಾಡು. ಇಲ್ಲಿ ಒಂದು ತೂತೂ ಇಲ್ಲ ನೋಡು."

ಆಮೇಲೆ ಹೋದ ಜಾಗದಲ್ಲಿ ಗಿಡ ಮೋಟು, ವಕ್ರ. ಆದರೆ ಕೆಸರಿನ ತುಂಬ ಬೆರಳು ಹೋಗುವಷ್ಟು ತೂತುಗಳು, ಕಾಂಡಕ್ಕೆ ಬಸವನಹುಳು. ಒಂದು ಏಡಿ ಹೊರಬಂದು, ಉದುರಿದ ಎಲೆಯನ್ನು ಎಳೆದುಕೊಂಡು ಒಳಹೋಯಿತು. ಇವರ ಮುಖ ನೋಡಬೇಕಿತ್ತು ನೀವು. ಬೀಗರು ಮನೆಗೆ ಬಂದಾಗಲೂ ಅಷ್ಟು ನಕ್ಕವರಲ್ಲ. ನನ್ನ ಸೀರೆ ಮೊಣಕಾಲತನಕ ಕೆಸರಾಗಿತ್ತು, ಅದು ಅವರಿಗೆ ಕಾಣಲೇ ಇಲ್ಲ. ಮನೆಗೆ ಬಂದರೆ ಬೂಟು ಸೀದಾ ಅಡುಗೆಮನೆ ದಾಟಿ ಬಚ್ಚಲಿಗೆ. ಪ್ರತಿಸಲವೂ ನಾನು ಕೂಗುವುದು, ಪ್ರತಿಸಲವೂ ಅವರು ಮರೆಯುವುದು.

ಈಗ ಬೆಳಗಾವಿಯಿಂದ ನಾದಿನಿ ದಿನಾ ಫೋನು ಮಾಡುತ್ತಾಳೆ. ಊಟ, ಗುಳಿಗೆ, ವಾಕಿಂಗು, ಎಲ್ಲ ಕೇಳುತ್ತಾಳೆ. ಎಲ್ಲಕ್ಕೂ ಆತು ಎನ್ನುತ್ತೇನೆ. ಸುಳ್ಳಲ್ಲ, ಗಡಿಯಾರ ನೋಡಿ ಉಣ್ಣುತ್ತೇನೆ. ಸಾರಿಗೆ ಉಪ್ಪು ಬಿದ್ದಿದೆಯೋ ಇಲ್ಲವೋ ನಾಲಿಗೆಗೆ ತಿಳಿಯುವುದಿಲ್ಲ, ಅಷ್ಟೇ. ವೈನಿ ಸುಧಾರಿಸಿದರು ಎಂದು ನನ್ನ ಬಗ್ಗೆ ಅವಳು ಬಳಗಕ್ಕೆಲ್ಲ ಹೇಳಿದ್ದಾಳೆ. ನನಗೆ ಮಾತ್ರ ಆ ಮೊದಲ ಜಾಗದ, ಒಂದು ತೂತೂ ಇಲ್ಲದ ಕೆಸರಿನ ಸಾಲುಗಿಡಗಳು ನೆನಪಾಗುತ್ತವೆ.

ಇವತ್ತು ಚೀಲ ಬಿಚ್ಚಿದ್ದು ಬೂಟನ್ನು ಯಾರಿಗಾದರೂ ಕೊಟ್ಟುಬಿಡೋಣ ಎಂದು. ವಾಸನೆ ಬಡಿದದ್ದೇ ತಡ, ಬಾಯಿಂದ ಬಂದುಬಿಟ್ಟಿತು: "ರೀ, ಅವನ್ನ ಹೊರಗ ಬಿಡ್ರಿ!"

ಖಾಲಿ ಮನೆಯಲ್ಲಿ ನನ್ನ ದನಿ ಕೇಳಿ ನನಗೇ ನಗು ಬಂತು. ಬೆನ್ನಿಗೇ ಅಳು. ಬೂಟು ತೊಳೆದೆ, ಬಿಸಿಲಿಗಿಟ್ಟೆ, ಕೊಡುವ ಮಾತು ಮರೆತೆ. ಪಕ್ಕದ ಮನೆಯಲ್ಲಿ ಯಾರೋ ಬೆಳ್ಳುಳ್ಳಿ ಒಗ್ಗರಣೆ ಹಾಕುತ್ತಿದ್ದರು.

ಫೋನು ಬಂತು. "ಊಟ ಆತೇನ್ರಿ ವೈನಿ?"

"ಇನ್ನೂ ಇಲ್ಲವ್ವಾ," ಎಂದೆ. "ಭಾಳ ಹಸಿವಾಗೇದ."